ವರ್ಷವಾದರೂ ಕದಲದ ವಿಷನ್ ಬೋರ್ಡ್

ಪ್ರಶ್ನೆ: ನನಗೆ 38 ವರ್ಷ. ಹಾವೇರಿ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕ್ಲರ್ಕ್ ಆಗಿದ್ದೇನೆ. ಕಳೆದ ಯುಗಾದಿಯಂದು ಮೊಬೈಲಿನಲ್ಲಿ ನೋಡಿ ಕಲಿತು ಒಂದು ವಿಷನ್ ಬೋರ್ಡ್, ಎಂದರೆ ಬಯಕೆಗಳ ಚಿತ್ರಗಳನ್ನು ಅಂಟಿಸಿದ ಫಲಕ, ಮಾಡಿ ಹಾಲ್‌ನಲ್ಲಿ ತೂಗುಹಾಕಿದೆ. ನಮ್ಮ ನಿವೇಶನದಲ್ಲಿ ಮನೆ, ಎರಡನೆಯ ವರ್ಷದಲ್ಲಿ ನಿಂತುಹೋದ ಕನ್ನಡ ಎಂ.ಎ., 12 ಕಿಲೋ ತೂಕ ಇಳಿಕೆ, ಕಾರು, ಸಿಂಗಪುರ ಪ್ರವಾಸ ಹೀಗೆ ಒಂಬತ್ತು ಚಿತ್ರಗಳಿವೆ. ಮೊದಲ ತಿಂಗಳು ದಿನವೂ ಅದರ ಮುಂದೆ ನಿಂತು ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳುತ್ತಿದ್ದೆ. ವರ್ಷವಾಗುತ್ತ ಬಂತು, ಒಂದೂ ಕದಲಿಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ, ದಿನವೂ ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಬೆಳಿಗ್ಗೆ ನಲ್ಲಿ ನೀರು ಬರುವ ದಿನ ಅದೂ ತಪ್ಪುತ್ತದೆ. ಈಗ 9ನೇ ತರಗತಿಯ ಮಗಳು ತಾನೂ ಒಂದು ಬೋರ್ಡ್ ಮಾಡುತ್ತೇನೆ ಎನ್ನುತ್ತಿದ್ದಾಳೆ. ಇದಕ್ಕೆ ವೈಜ್ಞಾನಿಕ ಆಧಾರ ಇದೆಯೇ? ಮಾಡುವುದಾದರೆ ಹೇಗೆ ಮಾಡಬೇಕು? ಹಾಕಿದ್ದನ್ನು ತೆಗೆದರೆ ಅಪಶಕುನ ಎಂದು ಅತ್ತೆಯವರು ಹೇಳುತ್ತಾರೆ, ಅದಕ್ಕೇನು ಮಾಡಲಿ?

ಉತ್ತರ: ಪತ್ರದ ಜೊತೆಗೆ ಬೋರ್ಡಿನ ಫೋಟೊ ಕಳುಹಿಸಿದ್ದು ಒಳ್ಳೆಯದಾಯಿತು. ಅದನ್ನು ದೊಡ್ಡದು ಮಾಡಿ ನೋಡುತ್ತಿದ್ದಾಗ ನನ್ನ ಕಣ್ಣು ಬೋರ್ಡಿಗಿಂತ ಹೆಚ್ಚು ಹೊತ್ತು ನಿಂತದ್ದು ಅದರ ಪಕ್ಕದಲ್ಲಿರುವ ಗೋಡೆ ಕ್ಯಾಲೆಂಡರಿನ ಮೇಲೆ. ಅದರ ಪ್ರತಿ ತಾರೀಖಿನ ಮನೆಯಲ್ಲಿ ಹಾಲಿನ ಲೆಕ್ಕವಿದೆ. ಹಾಲು ಬೇಡವೆಂದ ದಿನಕ್ಕೆ ಅಡ್ಡಗೆರೆ, ಹೆಚ್ಚು ತೆಗೆದುಕೊಂಡ ದಿನಕ್ಕೆ ಅಂಕಿ, ಸಿಲಿಂಡರ್ ಹಚ್ಚಿದ ದಿನಕ್ಕೆ ಒಂದು ಸುತ್ತು, ಯಾವುದೋ ಸಭೆಗೆ ಕೆಂಪು ಗುರುತು. ಮೂಲೆಯಲ್ಲಿ ದಾರ ಕಟ್ಟಿದ ಪೆನ್ನೊಂದು ನೇತಾಡುತ್ತಿದೆ. ಒಂದೇ ಗೋಡೆಯ ಮೇಲಿರುವ ಈ ಎರಡು ಕಾಗದಗಳಲ್ಲಿ ಒಂದನ್ನು ನೀವು ದಿನವೂ ಮುಟ್ಟುತ್ತೀರಿ, ಇನ್ನೊಂದನ್ನು ನೋಡುತ್ತೀರಿ ಅಷ್ಟೆ. ಬಹುಶಃ ಈಗೀಗ ನೋಡುವುದೂ ಇಲ್ಲ. ನಿಮ್ಮ ಒಂಬತ್ತು ಚಿತ್ರಗಳೂ ಸುಂದರವಾಗಿವೆ, ಆದರೆ ಅವುಗಳಲ್ಲಿ ಎಲ್ಲಿಯೂ ನೀವು ಏನನ್ನಾದರೂ ಮಾಡುತ್ತಿರುವುದು ಕಾಣುವುದಿಲ್ಲ. ಎಲ್ಲವೂ ಕೆಲಸ ಮುಗಿದ ಮೇಲಿನ ಚಿತ್ರಗಳು. ನಿಮ್ಮ ಬೋರ್ಡ್ ಕದಲದಿರಲು ನಿಮ್ಮ ಸೋಮಾರಿತನ ಕಾರಣವಲ್ಲ, ಅದನ್ನು ಮಾಡಿದ ಬಗೆ ಕಾರಣ ಎಂಬುದು ನನ್ನ ಅಭಿಪ್ರಾಯ.

ವೈಜ್ಞಾನಿಕ ಆಧಾರದ ವಿಷಯವನ್ನು ಮೊದಲು ಹೇಳುತ್ತೇನೆ. ಬಯಸಿದ್ದನ್ನು ಕಣ್ಮುಂದೆ ತಂದುಕೊಂಡರೆ ಅದು ತಾನಾಗಿ ನಮ್ಮತ್ತ ಸೆಳೆದು ಬರುತ್ತದೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಅಷ್ಟೇ ಅಲ್ಲ, ಫಲವನ್ನಷ್ಟೇ ಕಲ್ಪಿಸಿಕೊಂಡು ಸುಖಪಡುವುದು ಕೆಲಸಕ್ಕೆ ಅಡ್ಡಿಯಾಗಬಹುದು ಎಂಬುದಕ್ಕೆ ಆಧಾರವಿದೆ. ಗೇಬ್ರಿಯೆಲೆ ಓಟಿಂಗೆನ್ ಎಂಬ ಜರ್ಮನ್ ಮನೋವಿಜ್ಞಾನಿ ಈ ಒಂದೇ ಪ್ರಶ್ನೆಯನ್ನು ದಶಕಗಳ ಕಾಲ ಬೆನ್ನು ಹತ್ತಿದವರು. ಥಾಮಸ್ ವಾಡೆನ್ ಅವರೊಂದಿಗೆ ಸೇರಿ 1991ರಲ್ಲಿ ಅವರು ಪ್ರಕಟಿಸಿದ ಅಧ್ಯಯನವೊಂದು ನಿಮ್ಮ ಮೂರನೆಯ ಚಿತ್ರಕ್ಕೆ ನೇರವಾಗಿ ಸಂಬಂಧಿಸಿದೆ. ತೂಕ ಇಳಿಸುವ ಒಂದು ವರ್ಷದ ಕಾರ್ಯಕ್ರಮಕ್ಕೆ ಸೇರಿದ್ದ 25 ಮಹಿಳೆಯರನ್ನು ಆರಂಭದಲ್ಲಿಯೇ ಎರಡು ಬಗೆಯ ಪ್ರಶ್ನೆ ಕೇಳಲಾಗಿತ್ತು: ನಿಮ್ಮಿಂದ ಇದು ಸಾಧ್ಯ ಎಂದು ನಿಮಗೆ ಎಷ್ಟು ನಂಬಿಕೆಯಿದೆ, ಮತ್ತು ತೂಕ ಇಳಿದ ಮೇಲಿನ ದಿನಗಳನ್ನು ಹೇಗೆ ಕಲ್ಪಿಸಿಕೊಳ್ಳುತ್ತೀರಿ ಎಂದು. ಸಾಧ್ಯ ಎಂದು ನಂಬಿದವರು ಹೆಚ್ಚು ತೂಕ ಇಳಿಸಿಕೊಂಡರು. ಆದರೆ ತೆಳ್ಳಗಾದ ತಮ್ಮನ್ನು ಅತಿ ಸೊಗಸಾಗಿ ಕಲ್ಪಿಸಿಕೊಂಡವರು, ದಾರಿಯ ಕಷ್ಟಗಳನ್ನೂ ಕಂಡುಕೊಂಡವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿಸಿದರು.

ಇಲ್ಲಿ ನಂಬಿಕೆಗೂ ಕಲ್ಪನೆಗೂ ಇರುವ ಅಂತರವನ್ನು ಗಮನಿಸಬೇಕು. 'ಹೋದ ವರ್ಷ ಎರಡು ತಿಂಗಳು ತಪ್ಪದೆ ನಡೆದಿದ್ದೆ, ಹಾಗಾಗಿ ಈ ಸಲವೂ ನಡೆಯಬಲ್ಲೆ' ಎಂಬುದು ನಂಬಿಕೆ. ಅದಕ್ಕೆ ಹಿಂದಿನ ಅನುಭವದ ಬುಡವಿದೆ. 'ಹಳೆಯ ರವಿಕೆಗಳೆಲ್ಲ ಮತ್ತೆ ಸರಿಹೊಂದುತ್ತವೆ, ನೋಡಿದವರೆಲ್ಲ ಬೆರಗಾಗುತ್ತಾರೆ' ಎಂಬುದು ಕಲ್ಪನೆ. ಓಟಿಂಗೆನ್ ಮತ್ತು ಹೀದರ್ ಕ್ಯಾಪ್ಸ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಿಹಿಯಾದ ಕಲ್ಪನೆಯಲ್ಲಿ ತೊಡಗಿದವರ ರಕ್ತದೊತ್ತಡದ ಮೇಲಿನ ಅಂಕಿ ಕೆಳಗಿಳಿದದ್ದು ಕಂಡುಬಂತು. ಕೆಲಸಕ್ಕೆ ಸಜ್ಜಾಗುವ ದೇಹದಲ್ಲಿ ಏರಬೇಕಾದದ್ದು ಇಳಿದಿತ್ತು. ಎಂದರೆ, ಮನಸ್ಸು ಆಗಲೇ ಊರು ತಲುಪಿದೆ ಎಂಬಂತೆ ದೇಹ ವಿಶ್ರಮಿಸಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂಬ ನಮ್ಮ ಗಾದೆ ಹೇಳುವುದೂ ಇದನ್ನೇ: ಕುಲಾವಿ ಹೊಲಿಸುವ ಸಂಭ್ರಮದಲ್ಲಿ ಬಾಣಂತನದ ಸಿದ್ಧತೆಯೇ ಮರೆತುಹೋಗುತ್ತದೆ. ನೀವು ಮೊದಲ ತಿಂಗಳು ದಿನವೂ ಬೋರ್ಡಿನ ಮುಂದೆ ನಿಂತು ಕಣ್ಣು ಮುಚ್ಚಿದಾಗ ಸಿಕ್ಕ ನೆಮ್ಮದಿ ಸುಳ್ಳಲ್ಲ. ಆ ನೆಮ್ಮದಿಯೇ ಮುಂದಿನ ಹೆಜ್ಜೆಯ ಒತ್ತಾಸೆಯನ್ನು ಕರಗಿಸಿತು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಒಂದು ಕತೆಯನ್ನು ನೀವು ಕೇಳಿರಬಹುದು: ಅಮೆರಿಕದ ಯೇಲ್ ವಿಶ್ವವಿದ್ಯಾಲಯದ 1953ರ ತಂಡದಲ್ಲಿ ಗುರಿಯನ್ನು ಬರೆದಿಟ್ಟುಕೊಂಡಿದ್ದ ಶೇ 3ರಷ್ಟು ಜನರು 20 ವರ್ಷಗಳ ನಂತರ ಉಳಿದ ಶೇ 97 ಮಂದಿಯ ಒಟ್ಟು ಸಂಪತ್ತಿಗಿಂತ ಹೆಚ್ಚು ಸಂಪತ್ತು ಗಳಿಸಿದ್ದರು ಎಂದು. ಅಂಥ ಅಧ್ಯಯನ ನಡೆದೇ ಇಲ್ಲ. ಯೇಲ್ ವಿಶ್ವವಿದ್ಯಾಲಯವೇ ಹುಡುಕಿ, ದಾಖಲೆ ಇಲ್ಲವೆಂದು ಹೇಳಿದೆ. ಹಣ ತೆತ್ತು ಶಿಬಿರಕ್ಕೆ ಬಂದವರ ಮುಂದೆ ಇಲ್ಲದ ಅಧ್ಯಯನವನ್ನು ಇಂದಿಗೂ ಹೇಳುವುದು ನನಗೆ ಬೇಸರ ತರಿಸುತ್ತದೆ, ಏಕೆಂದರೆ ಬರೆದಿಟ್ಟೂ ಫಲ ಕಾಣದವರು ತಪ್ಪು ತಮ್ಮದೇ ಎಂದುಕೊಂಡು ನನ್ನ ಬಳಿ ಬರುತ್ತಾರೆ.

ಹಾಗಾದರೆ ಕಲ್ಪನೆಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಏನನ್ನು ಕಲ್ಪಿಸಿಕೊಳ್ಳುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. ಕ್ಯಾಲಿಫೋರ್ನಿಯಾದಲ್ಲಿ ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರೀಕ್ಷೆ ಹತ್ತಿರವಿದ್ದ ವಿದ್ಯಾರ್ಥಿಗಳ ಒಂದು ಗುಂಪು ಒಳ್ಳೆಯ ಅಂಕ ಬಂದ ಗಳಿಗೆಯನ್ನು ದಿನವೂ ಕೆಲವು ನಿಮಿಷ ಕಲ್ಪಿಸಿಕೊಂಡಿತು. ಇನ್ನೊಂದು ಗುಂಪು ತಾನು ಓದಲು ಕುಳಿತಿರುವುದನ್ನು, ಪುಸ್ತಕ ತೆರೆದು ಟಿಪ್ಪಣಿ ಮಾಡಿಕೊಳ್ಳುತ್ತಿರುವುದನ್ನು ಕಲ್ಪಿಸಿಕೊಂಡಿತು. ಎರಡನೆಯ ಗುಂಪಿನವರು ಬೇಗ ಓದಲು ಆರಂಭಿಸಿದರು, ಹೆಚ್ಚು ಹೊತ್ತು ಓದಿದರು, ಹೆಚ್ಚು ಅಂಕ ಪಡೆದರು. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಪಿ.ಎಸ್.ಐ. ಪರೀಕ್ಷೆಗೆ ಓದುತ್ತಿದ್ದ ಯುವಕನೊಬ್ಬ ನನ್ನಲ್ಲಿಗೆ ಬಂದಾಗ ಈ ಪ್ರಯೋಗ ನೆನಪಾಗಿತ್ತು. ಖಾಕಿ ಸಮವಸ್ತ್ರದ ಚಿತ್ರಕ್ಕೆ ತನ್ನ ಮುಖವನ್ನು ಅಂಟಿಸಿ ಹಾಸಿಗೆಯ ಎದುರಿಗೆ ಹಾಕಿಕೊಂಡಿದ್ದ ಅವನಿಗೆ ಅದನ್ನು ನೋಡಿದಾಗಲೆಲ್ಲ ಎದೆ ಉಬ್ಬುತ್ತಿತ್ತಂತೆ, ಓದಲು ಕುಳಿತ ಕೂಡಲೇ ಕುಗ್ಗುತ್ತಿತ್ತಂತೆ. ಆ ಚಿತ್ರದ ಜಾಗದಲ್ಲಿ ತಾನು ದಿನವೂ ಕೂರುವ ವಾಚನಾಲಯದ ಮೇಜಿನ ಫೋಟೊ ಹಾಕಲು ಹೇಳಿದೆ. ಅದರ ಕೆಳಗೆ ಅವನು ತಾನಾಗಿ ಬರೆದದ್ದು 'ಬೆಳಿಗ್ಗೆ 6.30, ಕಿಟಕಿಯ ಪಕ್ಕದ ಕುರ್ಚಿ' ಎಂಬ ಒಂದೇ ಸಾಲು. ಮೊದಲ ಚಿತ್ರದಲ್ಲಿ ಅವನು ಏನಾಗಬೇಕು ಎಂಬುದಿತ್ತು. ಎರಡನೆಯದರಲ್ಲಿ ನಾಳೆ ಎಲ್ಲಿಗೆ ಹೋಗಬೇಕು ಎಂಬುದಿತ್ತು.

ಈ ಮಾತು ನಮಗೆ ಹೊಸದೇನಲ್ಲ. ಪೂಜೆಗೆ ಮೊದಲು ಮಾಡುವ ಸಂಕಲ್ಪವನ್ನು ನೆನಪಿಸಿಕೊಳ್ಳಿ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ ಎಂದು ಕಾಲವನ್ನು ಹೇಳಿ, ನಿಂತ ನೆಲವನ್ನು ಹೇಳಿ, ಮಾಡುವವರ ಗೋತ್ರ, ನಕ್ಷತ್ರ, ಹೆಸರು ಹೇಳಿ, ಬಯಸಿದ ಫಲವನ್ನೂ ಹೇಳಿ, ಕೊನೆಗೆ ಬರುವ ಕ್ರಿಯಾಪದ 'ಕರಿಷ್ಯೇ', ಎಂದರೆ, ಮಾಡುತ್ತೇನೆ. ಫಲದ ಮಾತು ಅಲ್ಲಿದ್ದರೂ ಅದು ವಾಕ್ಯವನ್ನು ಮುಗಿಸುವುದಿಲ್ಲ. ಯಾರು, ಎಲ್ಲಿ, ಯಾವಾಗ, ಏನು ಮಾಡುತ್ತಾರೆ ಎಂಬುದು ನಿಶ್ಚಯವಾದ ಮೇಲೆಯೇ ಕೆಲಸ ಆರಂಭ. ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ ಹೇಳಿದ್ದೂ ಇದಕ್ಕೆ ಬಹಳ ಹತ್ತಿರದ ಮಾತು: 'ಇಂಥ ಸಂದರ್ಭ ಬಂದರೆ ಇಂಥದ್ದನ್ನು ಮಾಡುತ್ತೇನೆ' ಎಂದು ಮೊದಲೇ ಗೊತ್ತುಮಾಡಿಕೊಂಡವರು, ಬರಿಯ ಗುರಿಯಿಟ್ಟುಕೊಂಡವರಿಗಿಂತ ಹೆಚ್ಚಾಗಿ ಕೆಲಸ ಪೂರೈಸುತ್ತಾರೆ. ಅವರೂ ಪಾಸ್ಕಲ್ ಶೀರನ್ ಅವರೂ 2006ರಲ್ಲಿ ಇಂಥ 94 ಪರೀಕ್ಷಣೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಫಲಿತಾಂಶ ಗಟ್ಟಿಯಾಗಿಯೇ ನಿಂತಿತು. ಬ್ರಿಟನ್ನಿನಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವ್ಯಾಯಾಮವನ್ನು ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಮಾಡುತ್ತೇವೆ ಎಂದು ಬರೆದುಕೊಟ್ಟ ವಿದ್ಯಾರ್ಥಿಗಳಲ್ಲಿ ಶೇ 91ರಷ್ಟು ಮಂದಿ ಮುಂದಿನ ವಾರ ವ್ಯಾಯಾಮ ಮಾಡಿದ್ದರು. ಹಾಗೆ ಬರೆಯದೆ, ವ್ಯಾಯಾಮದ ಲಾಭಗಳನ್ನಷ್ಟೇ ಓದಿದವರಲ್ಲಿ ಶೇ 35 ಮಂದಿ ಮಾತ್ರ.

ಇನ್ನು ನಿಮ್ಮ ಬೋರ್ಡಿಗೆ ಬರೋಣ. ಒಂಬತ್ತು ಗುರಿಗಳು ಬೇಡ, ಮೂರು ಸಾಕು. ಕಾರು, ಸಿಂಗಪುರ ಮತ್ತು ಉಳಿದವುಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಡಿ. ಅವು ತಪ್ಪು ಬಯಕೆಗಳಲ್ಲ, ಅವುಗಳ ಸರದಿ ಇನ್ನೂ ಬಂದಿಲ್ಲ. ಹಾಗೆಯೇ 'ಯಜಮಾನರಿಗೆ ಊರಿಗೇ ವರ್ಗಾವಣೆ' ಎಂಬ ಚಿತ್ರವನ್ನೂ ತೆಗೆಯಿರಿ. ಇನ್ನೊಬ್ಬರ ಕೈಯಲ್ಲಿರುವುದನ್ನು ನಮ್ಮ ಬೋರ್ಡಿನ ಮೇಲೆ ಹಾಕಿಕೊಂಡರೆ ದಿನವೂ ಕೊರಗುವುದಕ್ಕೆ ಒಂದು ನೆಪವಾಗುತ್ತದೆ. ಉಳಿಯುವುದು ಮನೆ, ಎಂ.ಎ. ಮತ್ತು ಆರೋಗ್ಯ.

ಪ್ರತಿಯೊಂದಕ್ಕೂ ಚಿತ್ರ ಅಂಟಿಸುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಸಂಗತಿಗಳನ್ನು ಬರೆಯಿರಿ: ನನಗೆ ಬೇಕಾದದ್ದು ಏನು, ಅದು ಆದರೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಯಾವುದರಿಂದ, ನನ್ನನ್ನು ತಡೆಯುತ್ತಿರುವುದು ಏನು, ಆ ತಡೆ ಎದುರಾದಾಗ ಏನು ಮಾಡುತ್ತೇನೆ. ಓಟಿಂಗೆನ್ ರೂಪಿಸಿದ ಕ್ರಮ ಇದೇ. ಸಿಹಿಯಾದ ಚಿತ್ರವನ್ನೂ ಎದುರಿನ ತಡೆಯನ್ನೂ ಅಕ್ಕಪಕ್ಕ ಇಟ್ಟು ನೋಡುವುದು. ಮೂರನೆಯ ಪ್ರಶ್ನೆಯಲ್ಲಿ ಅವಸರ ಮಾಡಬೇಡಿ. ಮೊದಲ ಉತ್ತರ ಸಾಮಾನ್ಯವಾಗಿ 'ಸಮಯವಿಲ್ಲ', 'ದುಡ್ಡಿಲ್ಲ' ಎಂದಿರುತ್ತದೆ. ಇನ್ನೂ ಸ್ವಲ್ಪ ಹೊತ್ತು ಕುಳಿತರೆ ಅದರ ಕೆಳಗಿನದು ಮೇಲೆ ಬರುತ್ತದೆ. ಎಂ.ಎ. ನಿಂತದ್ದು ಮಾರ್ಚ್ ತಿಂಗಳ ಲೆಕ್ಕಪತ್ರದ ಕೆಲಸದಿಂದಲೋ, ಹಳಗನ್ನಡ ಛಂದಸ್ಸಿನ ಪತ್ರಿಕೆಯ ಹೆದರಿಕೆಯಿಂದಲೋ ಎಂಬುದು ನಿಮಗೆ ಮಾತ್ರ ಗೊತ್ತು. ಎರಡಕ್ಕೂ ಮದ್ದು ಬೇರೆಬೇರೆ. ಮೊದಲನೆಯದಕ್ಕೆ ಓದಿನ ವೇಳಾಪಟ್ಟಿಯನ್ನು ಹಣಕಾಸು ವರ್ಷದ ಕೊನೆಯಿಂದ ದೂರ ಸರಿಸಬೇಕು; ಎರಡನೆಯದಕ್ಕೆ ಛಂದಸ್ಸನ್ನು ಎದುರಿಗೆ ಕೂತು ಹೇಳಿಕೊಡುವವರು ಬೇಕು, ವಾರಕ್ಕೊಮ್ಮೆ ಪ್ರಸ್ತಾರ ಹಾಕಿ ತೋರಿಸಿ ತಿದ್ದಿಸಿಕೊಳ್ಳುವಂತಿರಬೇಕು.

ಮನೆಯ ಚಿತ್ರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಲ್ಲಕ್ಕಿಂತ ದೊಡ್ಡ ಗುರಿ ಅದೇ. ನೀವು ಅಂಟಿಸಿರುವುದು ಪತ್ರಿಕೆಯಿಂದ ಕತ್ತರಿಸಿದ, ಈಜುಕೊಳವಿರುವ ಎರಡು ಅಂತಸ್ತಿನ ಮನೆ. ಅದರ ಬದಲು ನಿಮ್ಮ ನಿವೇಶನದಲ್ಲೇ ನಿಂತು ಫೋಟೊ ತೆಗೆಯಿರಿ; ಬೇಲಿ, ಕಳೆಗಿಡ, ಪಕ್ಕದ ಮನೆಯವರು ಹಾಕಿದ ಮರಳಿನ ಗುಡ್ಡೆ ಎಲ್ಲವೂ ಇರಲಿ. ಅದರ ಕೆಳಗೆ 60 ಚೌಕಗಳನ್ನು ಗೆರೆ ಎಳೆದು ಮಾಡಿ. ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಕಂತು ಕಟ್ಟುವ ಆರ್.ಡಿ. ಖಾತೆಯ ಅವಧಿ ಐದು ವರ್ಷ, ಎಂದರೆ 60 ಕಂತು. ತಿಂಗಳಿಗೆ 5,000 ರೂಪಾಯಿ ಕಟ್ಟಿದರೆ ಅಸಲೇ 3,00,000 ರೂಪಾಯಿ ಆಗುತ್ತದೆ, ಬಡ್ಡಿ ಬೇರೆ. ಅದರಿಂದ ಮನೆ ಪೂರ್ತಿ ಆಗುವುದಿಲ್ಲ ಎಂಬುದು ಪತ್ತಿನ ಸಂಘದಲ್ಲಿ ಕೆಲಸ ಮಾಡುವ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಸಾಲಕ್ಕೆ ಹೋಗುವಾಗ ಕೈಯಲ್ಲಿರಬೇಕಾದ ಮೊತ್ತಕ್ಕೆ ಅದು ಬುನಾದಿ. ಆ ಮೊತ್ತ ಹೆಚ್ಚೆನಿಸಿದರೆ ನಿಮ್ಮ ಕೈಗೆ ಎಟುಕುವಷ್ಟನ್ನೇ ಇಟ್ಟುಕೊಳ್ಳಿ. ಕಂತು ಕಟ್ಟಿದ ದಿನ ಒಂದು ಚೌಕಕ್ಕೆ ಬಣ್ಣ ತುಂಬಿ, ಮನೆಯವರಲ್ಲಿ ಒಬ್ಬೊಬ್ಬರು ಒಂದೊಂದು ತಿಂಗಳು ತುಂಬಲಿ. ಏಳೆಂಟು ಚೌಕ ತುಂಬುವ ಹೊತ್ತಿಗೆ ಆ ಫೋಟೊದ ಖಾಲಿ ನಿವೇಶನ ಬೇರೆಯಾಗಿಯೇ ಕಾಣಲು ಶುರುವಾಗುತ್ತದೆ, ಇದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ಎಂ.ಎ.ಗೆ ಘಟಿಕೋತ್ಸವದ ಗೌನಿನ ಚಿತ್ರ ಬೇಡ. ಮೊದಲ ಕೆಲಸ, ನೀವು ಓದುತ್ತಿದ್ದ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರಕ್ಕೆ ಹೋಗಿ ನಿಮ್ಮ ಹಳೆಯ ನೋಂದಣಿ ಇನ್ನೂ ಚಾಲ್ತಿಯಲ್ಲಿದೆಯೇ, ಎರಡನೆಯ ವರ್ಷಕ್ಕೆ ಹಾಗೆಯೇ ಸೇರಬಹುದೇ ಎಂದು ಕೇಳುವುದು. ಅದು ತಿಳಿಯುವವರೆಗೆ ಬೋರ್ಡಿನ ಮೇಲೆ ಆ ಪ್ರಶ್ನೆಯೂ ಹೋಗಬೇಕಾದ ದಿನಾಂಕವೂ ಇದ್ದರೆ ಸಾಕು. ತಿಳಿದ ಮೇಲೆ ಪಠ್ಯಪುಸ್ತಕಗಳ ಘಟಕಗಳ ಪಟ್ಟಿಯನ್ನು ಅಂಟಿಸಿ ಒಂದೊಂದಾಗಿ ಹೊಡೆದುಹಾಕುತ್ತ ಹೋಗಿ.

ಆರೋಗ್ಯದ ವಿಷಯದಲ್ಲಿ ಸಿನಿಮಾ ನಟಿಯ ಚಿತ್ರವನ್ನು ಇಂದೇ ತೆಗೆದುಬಿಡಿ ಎಂದು ಕೇಳಿಕೊಳ್ಳುತ್ತೇನೆ. ಇನ್ನೊಬ್ಬರ ಮೈಕಟ್ಟನ್ನು ಎದುರಿಗೆ ಇಟ್ಟುಕೊಂಡವರು ದಿನವೂ ತಮ್ಮ ಮೈಯನ್ನು ಹಳಿಯುತ್ತಾರೆ, ಹಳಿಯುವುದರಿಂದ ಯಾರೂ ಹೆಚ್ಚು ನಡೆದದ್ದನ್ನು ನಾನು ನೋಡಿಲ್ಲ. 12 ಕಿಲೋ ಎಂಬ ಅಂಕಿಯ ಬದಲು ವಾರಕ್ಕೆ 150 ನಿಮಿಷ ಎಂದು ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಕನಿಷ್ಠವೆಂದು ಹೇಳುವ ಬಿರುಸು ನಡಿಗೆಯ ಪ್ರಮಾಣ ಅಷ್ಟು. ವಾರದಲ್ಲಿ ಐದು ದಿನ ಅರ್ಧ ಗಂಟೆ ನಡೆದರೆ ಲೆಕ್ಕ ಸರಿಹೋಗುತ್ತದೆ. ನಿಮ್ಮ ತಡೆ ಯಾವುದೆಂದು ನೀವೇ ಬರೆದಿದ್ದೀರಿ, ನಲ್ಲಿ ನೀರು. ಆದ್ದರಿಂದ ಬೋರ್ಡಿನ ಮೇಲೆ ಎರಡು ಸಾಲು ಇರಲಿ: 'ನೀರು ಬಾರದ ದಿನ ಬೆಳಿಗ್ಗೆ 6ಕ್ಕೆ ಕೆರೆಯ ದಾರಿ. ನೀರು ಬರುವ ದಿನ ಸಂಜೆ ಆಫೀಸಿನಿಂದ ಬರುವಾಗ ಎರಡು ಸ್ಟಾಪ್ ಮೊದಲೇ ಇಳಿದು ನಡಿಗೆ.' ಕೆರೆಯ ದಾರಿ ಎಂಬುದು ನನ್ನ ಊಹೆ. ನೀವು ನಿಜವಾಗಿ ನಡೆಯುವ ಬೀದಿಯ ಹೆಸರನ್ನೇ ಬರೆಯಿರಿ. ಈ ಸಾಲುಗಳ ಪಕ್ಕದಲ್ಲಿ ನಿಮ್ಮ ಚಪ್ಪಲಿ ಸ್ಟ್ಯಾಂಡಿನಲ್ಲಿರುವ ನಡಿಗೆಯ ಶೂಗಳ ಫೋಟೊ ಇದ್ದರೆ ಚೆನ್ನ. ಆಹಾರ ಮತ್ತು ಸಕ್ಕರೆಯ ಪರೀಕ್ಷೆಯ ಬಗ್ಗೆ ನಿಮ್ಮ ಡಾಕ್ಟರು ಹೇಳಿದಂತೆ ನಡೆಯಿರಿ. ಮುಂದಿನ ರಕ್ತಪರೀಕ್ಷೆಯ ದಿನಾಂಕವನ್ನೂ ಅಲ್ಲಿಯೇ ಗುರುತು ಹಾಕಿ.

ಸಾಮಾನಿಗೆ ಹೆಚ್ಚು ಖರ್ಚು ಬೇಡ. ಅರ್ಧ ಚಾರ್ಟ್ ಪೇಪರ್, ಹಿಂದೆ ಅಂಟಿಸಲು ಒಂದು ರಟ್ಟು, ಗುಂಡುಸೂಜಿ, ಒಂದು ಪೆನ್ನು. ಫೆವಿಕಾಲ್ ಹಾಕಿ ಗಟ್ಟಿಯಾಗಿ ಅಂಟಿಸುವುದಕ್ಕಿಂತ ಸೂಜಿ ಚುಚ್ಚುವುದು ಮೇಲು, ಏಕೆಂದರೆ ಇದರ ಮೇಲಿನದು ಬದಲಾಗುತ್ತಲೇ ಇರಬೇಕು. ಮತ್ತು ನಿಮ್ಮ ಕ್ಯಾಲೆಂಡರಿಗೆ ಕಟ್ಟಿದ ಹಾಗೆ ಇದಕ್ಕೂ ಒಂದು ಪೆನ್ನು ಕಟ್ಟಿ. ಹುಡುಕಬೇಕಾದ ಪೆನ್ನಿನಿಂದ ಯಾರೂ ದಿನವೂ ಬರೆಯುವುದಿಲ್ಲ.

ಎಲ್ಲಿ ಹಾಕಬೇಕು ಎಂಬುದು ಸಣ್ಣ ವಿಷಯವಲ್ಲ. ಹಾಲ್‌ನಲ್ಲಿ ಹಾಕಿದರೆ ಬಂದವರೆಲ್ಲ ನೋಡುತ್ತಾರೆ, ಹೊಗಳುತ್ತಾರೆ ಇಲ್ಲವೇ ಚುಚ್ಚುತ್ತಾರೆ. ಚುಚ್ಚಿದ್ದು ನೋಯಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಹೊಗಳಿದ್ದೂ ತೊಡಕೇ. ಗೋಲ್‌ವಿಟ್ಸರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಾವು ಮುಂದೆ ಏನಾಗಬೇಕು ಎಂಬ ಸಂಕಲ್ಪವನ್ನು ಇನ್ನೊಬ್ಬರು ಗಮನಿಸಿದಾಗ ವಿದ್ಯಾರ್ಥಿಗಳು ಅದಕ್ಕಾಗಿ ಪಟ್ಟ ಶ್ರಮ ಕಡಿಮೆಯಾಯಿತು. ಇತರರು ತಿಳಿದುಕೊಂಡರು ಎಂಬುದೇ ಅರ್ಧ ಸಾಧಿಸಿದ ಭಾವನೆ ಕೊಟ್ಟಿತ್ತು. ಆದ್ದರಿಂದ ನಿಮ್ಮ ಬೋರ್ಡನ್ನು ಬೀರುವಿನ ಬಾಗಿಲಿನ ಒಳಮೈಗೆ ಹಾಕಿ. ದಿನವೂ ಸೀರೆ ತೆಗೆಯುವಾಗ ಅದು ಎದುರಾಗುತ್ತದೆ, ಬಾಗಿಲು ಮುಚ್ಚಿದರೆ ನಿಮ್ಮ ಮಾತು ನಿಮ್ಮಲ್ಲಿಯೇ ಇರುತ್ತದೆ. ಮನೆಯ 60 ಚೌಕಗಳ ಹಾಳೆಯನ್ನು ಬೇಕಾದರೆ ಅಡುಗೆಮನೆಯಲ್ಲಿ ಹಾಕಿಕೊಳ್ಳಬಹುದು, ಅದು ಎಲ್ಲರ ಕೆಲಸ.

ಭಾನುವಾರ ಹತ್ತು ನಿಮಿಷ ಅದರ ಮುಂದೆ ಕುಳಿತು ವಾರದಲ್ಲಿ ಏನಾಯಿತು, ಏನು ತಪ್ಪಿತು, ತಪ್ಪಿಸಿದ್ದು ಯಾವುದು ಎಂದು ನೋಡಿ. ಒಂದೇ ತಡೆ ಮೂರು ವಾರ ಬಂದರೆ ನಿಮ್ಮ ಮನಸ್ಸಿನ ಬಲವನ್ನು ಶಂಕಿಸಬೇಡಿ; ಉಪಾಯ ಸರಿಯಿಲ್ಲ, ಅದನ್ನು ಬದಲಿಸಿ. ತಿಂಗಳಿಗೊಮ್ಮೆಯಾದರೂ ಯಾವುದಾದರೂ ಚಿತ್ರದ ಜಾಗ ಬದಲಾಗಲಿ. ಒಂದೇ ಜಾಗದಲ್ಲಿ ಒಂದೇ ರೀತಿ ಇರುವುದನ್ನು ಕಣ್ಣು ಬೇಗ ಕಾಣದಂತಾಗುತ್ತದೆ.

ಮಗಳ ಬೋರ್ಡಿಗೆ ಅಡ್ಡಿ ಮಾಡಬೇಡಿ, ಆದರೆ ಅದನ್ನು ನೀವು ಮಾಡಿಕೊಡಲೂ ಬೇಡಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಎಂಬ ಕಾರಣಕ್ಕೆ '625ಕ್ಕೆ 600' ಎಂದು ದಪ್ಪ ಅಕ್ಷರದಲ್ಲಿ ಬರೆಸುವ ಆಸೆ ದೊಡ್ಡವರಿಗೆ ಬರುತ್ತದೆ. ಒಂದು ಕಿರುಪರೀಕ್ಷೆಯಲ್ಲಿ ಕಡಿಮೆ ಬಂದ ದಿನ ಅದೇ ಅಂಕಿ ಅವಳನ್ನು ಗೋಡೆಯಿಂದ ನೋಡುತ್ತಿರುತ್ತದೆ. ಅವಳಿಗೆ ಬಿಡಿಸಿದ ಲೆಕ್ಕಗಳನ್ನು ಎಣಿಸುವ, ಓದಿದ ಪಾಠಗಳಿಗೆ ಗುರುತು ಹಾಕುವ ಜಾಗ ಇರಲಿ. ಓದಿಗೆ ಸಂಬಂಧವಿಲ್ಲದ, ಅವಳದೇ ಆದ ಒಂದು ಗುರಿಯೂ ಇರಲಿ, ಅದು ಸೈಕಲ್ ಕಲಿಯುವುದಾಗಲಿ, ಹಾಡಾಗಲಿ. ಅವಳು ಏನನ್ನು ಹಾಕಿದ್ದಾಳೆ ಎಂದು ಅವಳು ತೋರಿಸಿದಾಗ ನೋಡಿ; ಕೆಲವು ಮಕ್ಕಳು ಮಾತಿನಲ್ಲಿ ಹೇಳಲಾರದ್ದನ್ನು ಚಿತ್ರವಾಗಿ ಅಂಟಿಸುತ್ತಾರೆ.

ಅತ್ತೆಯವರ ಮಾತಿಗೆ ಬರುತ್ತೇನೆ. ಅವರ ಮನಸ್ಸನ್ನು ನೋಯಿಸುವ ಅಗತ್ಯವಿಲ್ಲ. ಯುಗಾದಿ ಇನ್ನೇನು ಬಂತು. ಆ ದಿನ ಹೊಸ ಪಂಚಾಂಗ ಬಂದಾಗ ಹಳೆಯದನ್ನು ತೆಗೆದಿಡುವುದು ಅವರೇ ನಡೆಸಿಕೊಂಡು ಬಂದ ಪದ್ಧತಿ, ಅದನ್ನು ಯಾರೂ ಅಪಶಕುನ ಎನ್ನುವುದಿಲ್ಲ. ಅಂದೇ ಹಳೆಯ ಬೋರ್ಡನ್ನು ಇಳಿಸಿ. ಹಿಂದಿನ ದಿನ ಅವರನ್ನೂ ಕರೆದುಕೊಂಡು ನಿವೇಶನಕ್ಕೆ ಹೋಗಿ ಬನ್ನಿ. ಬೋರ್ಡಿಗೆ ಬೇಕಾದ ಫೋಟೊ ಹೇಗೂ ಅಲ್ಲಿಯೇ ತೆಗೆಯಬೇಕು, ಅವರೂ ಮಗಳೂ ಅದರಲ್ಲಿ ನಿಂತಿರಲಿ.